ಕಲ್ಲಿನೊಳಗಿನ ತೆನೆ, ತೆನೆಯೊಳಗಿನ ಪುಡಿ

ಕಲ್ಲಿದ್ದಲ ಗಣಿಯಲ್ಲಿ ಸಿಕ್ಕ ಒಂದು ಹೊಸ ಪಳೆಯುಳಿಕೆ ಗಿಡದ ಬಗ್ಗೆ ನಾವು ಬರೆದ ಪೇಪರ್ ಒಪ್ಪಿಗೆಯಾಗಿದೆ ಅಂತ ಮೇಲ್ ಬಂದು ಹನ್ನೊಂದು ದಿನ ಆಯ್ತು. ಇನ್ನೂ ಪ್ರಕಟವಾಗಿಲ್ಲ. ಹಾಗಾಗಿ ಆ ಗಿಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಪ್ರಭೇದದ ಹೆಸರು ಮೊದಲ ಸಲ ಕಾಣಿಸಿಕೊಳ್ಳಬೇಕಾದದ್ದು ವಿವರಣೆ, ಚಿತ್ರ, ಮೂಲ ಮಾದರಿಯ (ಹೆಸರಿಗೆ ಆಧಾರವಾದ ಕಲ್ಲಿನ) ನಂಬರು ಎಲ್ಲ ಒಟ್ಟಿಗೆ ಇರುವ ಕಡೆ. ಅದಕ್ಕೂ ಮುಂಚೆ ಸುಮ್ನೆ ಎಲ್ಲೋ ತೇಲಿಬಿಟ್ಟರೆ ಅದು ಬರೀ ಹೆಸರಾಗಿ ಉಳಿಯುತ್ತದೆ, ಹಿಂದೆ ಗಿಡ ಇರುವುದಿಲ್ಲ. ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಹೇಳುತ್ತೇನೆ. ನಾಲ್ಕು ವರ್ಷದ ಕೆಲಸ ಇದು.

ನಾನು ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಾಟನಿ ಪಾಠ ಮಾಡುತ್ತೇನೆ. ಬೆಳೆದದ್ದು ಶಕ್ತಿನಗರದಲ್ಲಿ. ಕೃಷ್ಣಾ ನದಿಯ ದಡದಲ್ಲಿ ಆರ್‌ಟಿಪಿಎಸ್ ಅನ್ನುವ ಉಷ್ಣ ವಿದ್ಯುತ್ ಸ್ಥಾವರ ಇದೆಯಲ್ಲ, ಅಲ್ಲಿಗೆ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ತೆಲಂಗಾಣದ ಸಿಂಗರೇಣಿಯಿಂದ ಬರುತ್ತದೆ, ಬೇರೆ ಕಡೆಯಿಂದಲೂ ಬರುತ್ತದೆ. ಅಪ್ಪ ಕಲ್ಲಿದ್ದಲು ಇಳಿಸುವ ಕಡೆ ಗುತ್ತಿಗೆ ಕೆಲಸದಲ್ಲಿದ್ದರು. ಕಲ್ಲಿದ್ದಲಿನ ಜೊತೆ ಬೂದು ಬಣ್ಣದ ಚಪ್ಪಟೆ ಕಲ್ಲೂ ಬರುತ್ತವೆ. ಉರಿಯುವುದಿಲ್ಲ, ಆರಿಸಿ ಎಸೆಯುತ್ತಾರೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಸಂಜೆ ಟವೆಲಿನಲ್ಲಿ ಅಂಥದ್ದೊಂದು ಕಲ್ಲು ಸುತ್ತಿಕೊಂಡು ಬಂದರು. "ಇದ್ರಾಗ ಎಲಿ ಐತಿ ನೋಡವ್ವ" ಅಂದರು. ಮಾವಿನ ಎಲೆಯನ್ನು ಅರ್ಧ ಹರಿದು ಅಂಟಿಸಿದ ಹಾಗಿತ್ತು. ನಡುವೆ ದಪ್ಪ ನರ, ಎರಡೂ ಕಡೆ ಬಲೆ ಬಲೆಯಾಗಿ ಸಣ್ಣ ನರ. ಕೈಯಿಂದ ಉಜ್ಜಿದರೆ ಹೋಗಲಿಲ್ಲ. ಉಗುರಿನಿಂದ ಕೆರೆದರೆ ಕಪ್ಪು ಪುಡಿ ಬಂತು. ಅವ್ವ ನನ್ನ ಕೈ ಹಿಡಿದು ನಿಲ್ಲಿಸದೆ ಹೋಗಿದ್ದರೆ ಇಡೀ ಎಲೆಯನ್ನೇ ಕೆರೆದು ಮುಗಿಸುತ್ತಿದ್ದೆ.

ಅದು ಗ್ಲಾಸಾಪ್ಟೆರಿಸ್ ಅಂತ ಗೊತ್ತಾದದ್ದು ಎಂಎಸ್ಸಿಗೆ ಬಂದ ಮೇಲೆ. ಗ್ರೀಕ್‌ನಲ್ಲಿ ಗ್ಲಾಸ ಅಂದರೆ ನಾಲಿಗೆ. ನಾಲಿಗೆಯ ಆಕಾರದ ಎಲೆ. 1828ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಬ್ರೋನ್ಯಾರ್ ಇಟ್ಟ ಹೆಸರು. ಇದೇ ಎಲೆ ದಕ್ಷಿಣ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯ, ಅಂಟಾರ್ಕ್ಟಿಕಾದಲ್ಲೂ ಸಿಗುತ್ತದೆ. ಈ ನೆಲಗಳೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿದ್ದವು ಅನ್ನುವುದಕ್ಕೆ ಅದೂ ಒಂದು ಸಾಕ್ಷಿ. ಅಷ್ಟು ದೊಡ್ಡ ಕಥೆಯ ಎಲೆ ನಮ್ಮ ಮನೆಯ ಗೂಡಿನಲ್ಲಿ ದೀಪದ ಪಕ್ಕ ಕೂತಿತ್ತು.

ಆದರೆ ಆ ಕಲ್ಲಿನಿಂದ ವಿಜ್ಞಾನಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಯಾವ ಗಣಿಯದು, ಯಾವ ಪದರದ್ದು, ಹೇಳುವವರು ಯಾರೂ ಇಲ್ಲ. ಹತ್ತು ಕಡೆಯ ಕಲ್ಲಿದ್ದಲು ಒಂದೇ ಗುಡ್ಡೆಯಲ್ಲಿ ಬಿದ್ದಿರುತ್ತದೆ. ಪಳೆಯುಳಿಕೆಗೆ ಊರಿನ ವಿಳಾಸ ಇಲ್ಲದಿದ್ದರೆ ಅದರ ವಯಸ್ಸನ್ನೂ ಗಟ್ಟಿಯಾಗಿ ಹೇಳಲಾಗುವುದಿಲ್ಲ. ನನ್ನ ಗೈಡ್ ಸರ್ ಮೊದಲ ದಿನವೇ ಇದನ್ನು ಹೇಳಿದರು. ನಾನು ಆ ಕಲ್ಲನ್ನು ಅವರಿಗೆ ತೋರಿಸಲು ತೆಗೆದುಕೊಂಡು ಹೋಗಿದ್ದೆ. ಅವರು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಮನೆಯಲ್ಲೇ ಇಡಮ್ಮ. ಕೆಲಸಕ್ಕೆ ನಾವು ಗಣಿಗೇ ಹೋಗೋಣ" ಅಂದರು.

ಹೋದೆವು. ಸಿಕಂದರಾಬಾದಿಗೆ ಹೋಗಿ, ಅಲ್ಲಿಂದ ಕಾಜೀಪೇಟೆ ಮೇಲೆ ರಾಮಗುಂಡಂಗೆ. ಗೋದಾವರಿ ಕಣಿವೆಯ ಈ ಭಾಗದ ಕಲ್ಲಿದ್ದಲು ಇರುವುದು ಹೆಚ್ಚಾಗಿ ಬರಾಕರ್ ಅನ್ನುವ ಶಿಲಾಸ್ತರದಲ್ಲಿ. ಪರ್ಮಿಯನ್ ಯುಗದ ಮೊದಲ ಭಾಗ, ಅಂದರೆ ಸುಮಾರು 28 ಕೋಟಿ ವರ್ಷ ಹಿಂದಿನದು. ಡೈನೋಸಾರ್‌ಗಳು ಇನ್ನೂ ಹುಟ್ಟಿಲ್ಲ, ಹೂ ಬಿಡುವ ಗಿಡಗಳಂತೂ ಬಹಳ ದೂರದ ಮಾತು. ಓಪನ್‌ಕಾಸ್ಟ್, ಅಂದರೆ ಮೇಲಿನಿಂದಲೇ ತೋಡುವ ಗಣಿಯ ಒಳಗೆ ಅನುಮತಿ ಪತ್ರ, ಹೆಲ್ಮೆಟ್, ಬೂಟು, ಜೊತೆಗೊಬ್ಬ ಓವರ್‌ಮನ್ (ಗಣಿಯ ಮೇಲ್ವಿಚಾರಕ) ಇಲ್ಲದೆ ಕಾಲಿಡುವ ಹಾಗಿಲ್ಲ. ಬ್ಲಾಸ್ಟಿಂಗ್ ಹೊತ್ತಿಗೆ ಹೊರಗಿರಬೇಕು. ಹಾಗಾಗಿ ನಮಗೆ ಸಿಗುತ್ತಿದ್ದದ್ದು ದಿನಕ್ಕೆ ಎರಡು, ಎರಡೂವರೆ ಗಂಟೆ.

ತೆಗೆದು ಸುರಿದ ಮಣ್ಣಿನ ಗುಡ್ಡೆಯಲ್ಲಿ ಪಳೆಯುಳಿಕೆ ಸುಲಭವಾಗಿ ಸಿಗುತ್ತವೆ. ಮಳೆಗೆ ತೊಳೆದು ತಾವೇ ಹೊಳೆಯುತ್ತಿರುತ್ತವೆ. ಆದರೆ ಸರ್ ಅಲ್ಲಿ ನಿಲ್ಲಲು ಬಿಡಲಿಲ್ಲ. ಮನೆಯ ಗೂಡಿನ ಕಲ್ಲಿನದೇ ತಕರಾರು ಅಲ್ಲೂ. ಕಡಿದ ಗೋಡೆಯಲ್ಲಿ, ಕಲ್ಲಿದ್ದಲಿನ ಪದರದ ನೆತ್ತಿಯಿಂದ ಟೇಪ್ ಹಿಡಿದು ಅಳೆದು, ಅಲ್ಲಿನ ಶೇಲ್ ಕಲ್ಲನ್ನಷ್ಟೇ ತೆಗೆಯಬೇಕು. ಶೇಲ್ ಅಂದರೆ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಉಳಿಯನ್ನು ಅಡ್ಡಕ್ಕೆ ಇಟ್ಟು ಮೆಲ್ಲಗೆ ಬಡಿದರೆ ರೊಟ್ಟಿಯ ಪದರ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ನೂರು ಬಿಚ್ಚಿದರೆ ತೊಂಬತ್ತರಲ್ಲಿ ಏನೂ ಇರುವುದಿಲ್ಲ. ಉಳಿದದ್ದರಲ್ಲಿ ಎಲೆ ಚೂರು, ಕಡ್ಡಿ.

ಮೂರನೇ ದಿನ ಒಂದು ಚಪ್ಪಡಿ ಬಿಚ್ಚಿಕೊಂಡಾಗ ಒಳಗೆ ಸಜ್ಜೆ ತೆನೆ ಇತ್ತು. ನನಗೆ ಮೊದಲು ಹೊಳೆದದ್ದು ಅದೇ. ಕಿರುಬೆರಳಿನಷ್ಟು ಉದ್ದ, ತುದಿ ಚೂಪು, ಮೈತುಂಬ ಒತ್ತೊತ್ತಾಗಿ ಕಾಳು. ಬುಡ ಮುರಿದಿತ್ತು. ಕಲ್ಲು ಎರಡು ಭಾಗವಾದಾಗ ತೆನೆಯೂ ಎರಡು ಭಾಗವಾಗಿತ್ತು. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಅದರದ್ದೇ ತಗ್ಗು. ಎರಡೂ ಸೇರಿ ಒಂದೇ ಮಾದರಿ, ಒಂದನ್ನು ಬಿಟ್ಟರೆ ಅರ್ಧ ಸಾಕ್ಷಿ ಬಿಟ್ಟ ಹಾಗೆ. ಓವರ್‌ಮನ್ ಬಗ್ಗಿ ನೋಡಿ "ಏಂ ದೊರಿಕಿಂದಿ ಮೇಡಂ?", ಏನು ಸಿಕ್ಕಿತು ಅಂತ ತೆಲುಗಿನಲ್ಲಿ ಕೇಳಿದರು. ನಾನು ಕಲ್ಲು ತೋರಿಸಿದೆ. ಅವರು ಸಜ್ಜಲು, ಅಂದರೆ ಸಜ್ಜೆ ಅಂದರು. ಹೊಲ ಕಂಡವರಿಗೆಲ್ಲ ಅದು ಹಾಗೇ ಕಾಣುತ್ತದೆ ಅನ್ನುವುದು ನನಗೆ ಖುಷಿ ಕೊಟ್ಟಿತು. ಎರಡೂ ಚೂರಿಗೆ ಒಂದೇ ನಂಬರು ಬರೆದು, ಎ ಮತ್ತು ಬಿ ಅಂತ ಗುರುತು ಹಾಕಿ, ಹಳೇ ಪೇಪರಿನಲ್ಲಿ ಸುತ್ತಿದೆ. ರಾಯಚೂರಿಗೆ ಬರುವ ತನಕ ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಇಂಥ ತೆನೆಗೆ ಪುಸ್ತಕದ ಮಾತು ಶಂಕು, ಲ್ಯಾಬಿನಲ್ಲಿ ಕೋನ್ ಅನ್ನುತ್ತೇವೆ. ನಾನು ತೆನೆ ಅಂತಲೇ ಬರೆಯುತ್ತೇನೆ. ಅದರ ಕಾಳಿನಂಥ ಒಂದೊಂದು ಉಬ್ಬೂ ಒಂದು ಚೀಲ. ಚೀಲದೊಳಗೆ ಬೀಜಕಗಳು, ಅಂದರೆ ಸ್ಪೋರ್‌ಗಳು ಇರುತ್ತವೆ. ಬೀಜ ಬಿಡದ ಗಿಡಗಳು ಈ ಪುಡಿಯಿಂದಲೇ ವಂಶ ಬೆಳೆಸುತ್ತವೆ.

ಮೊದಲ ಆರು ತಿಂಗಳು ನಾನು ತಪ್ಪು ಗಿಡವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಗೊಂಡ್ವಾನ ಕಲ್ಲುಗಳಲ್ಲಿ, ಅಂದರೆ ಆ ನೆಲಗಳೆಲ್ಲ ಕೂಡಿಕೊಂಡಿದ್ದ ಕಾಲದ ಕಲ್ಲುಗಳಲ್ಲಿ, ಈಕ್ವಿಸೀಟಮ್ ಬಳಗದ ಗಿಣ್ಣುಕಾಂಡದ ಗಿಡಗಳು ಬೇಕಾದಷ್ಟು ಸಿಗುತ್ತವೆ. ಅವುಗಳ ತೆನೆಯೇ ಇರಬೇಕು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಆ ಬಳಗದಲ್ಲಿ ಚೀಲಗಳು ಬಳೆಯ ಹಾಗೆ ಸುತ್ತು ಸುತ್ತಾಗಿ ಇರುತ್ತವೆ. ನನ್ನ ತೆನೆಯಲ್ಲೂ ಅಡ್ಡ ಸಾಲು ಕಾಣುತ್ತಿತ್ತು. ಸರ್ ಒಂದು ದಿನ ದೊಡ್ಡದು ಮಾಡಿದ ಫೋಟೋ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಒಂದೊಂದು ಉಬ್ಬಿಗೂ ಚುಕ್ಕೆ ಹಾಕು ಅಂದರು. ಹಾಕಿದೆ. ಚುಕ್ಕೆ ಕೂಡಿಸುತ್ತಾ ಹೋದರೆ ಸಾಲು ಸಾಲನ್ನು ಮುಟ್ಟಲಿಲ್ಲ. ಪ್ರತಿ ಸಲವೂ ಸ್ವಲ್ಪ ಮೇಲೆ ಹೋಗುತ್ತಿತ್ತು. ಬಳೆ ಅಲ್ಲ, ಸುರುಳಿ. ಸುರುಳಿ ಅಂದರೆ ಇದು ಲೈಕೊಪಾಡ್ ಬಳಗದ್ದು, ಬೀಜಕದಿಂದಲೇ ಬೆಳೆಯುವ ಇನ್ನೊಂದು ಹಳೆಯ ಬಳಗ. ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಸೆಲಾಜಿನೆಲ್ಲ ನೋಡಿದವರಿಗೆ ಗೊತ್ತಿರುತ್ತದೆ, ಅದೇ ಬಳಗ.

ಇಲ್ಲಿಂದ ನನಗೆ ನಿದ್ದೆ ಕಡಿಮೆಯಾಯಿತು. ಯಾಕೆ ಅಂದರೆ, ನಮ್ಮ ದೇಶದ ಗೊಂಡ್ವಾನ ಶೇಲ್‌ಗಳನ್ನು ಆಮ್ಲದಲ್ಲಿ ಕರಗಿಸಿದರೆ ಲೈಕೊಪಾಡ್‌ಗಳ ದೊಡ್ಡ ಬೀಜಕಗಳು ಸಾಕಷ್ಟು ಸಿಗುತ್ತವೆ. ಬಗೆ ಬಗೆಯವು, ಒಂದೊಂದಕ್ಕೂ ಪ್ರತ್ಯೇಕ ಹೆಸರಿಟ್ಟಿದ್ದಾರೆ. ಆದರೆ ಅವನ್ನು ಉದುರಿಸಿದ ಗಿಡದ ಕಾಂಡ, ಎಲೆ, ತೆನೆ ಸಿಗುವುದು ಅಪರೂಪ. ಮಕ್ಕಳಿವೆ, ತಾಯಂದಿರು ಕಾಣೆ. ತೆನೆಯೊಳಗೇ ಬೀಜಕ ಇನ್ನೂ ಕೂತಿದ್ದರೆ ಎರಡನ್ನೂ ಒಂದೇ ಕಡೆ ಕಟ್ಟಬಹುದು.

ಪಳೆಯುಳಿಕೆ ಸಸ್ಯಗಳಿಗೆ ಹೆಸರಿಡುವ ಪದ್ಧತಿ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನಿಸಬಹುದು. ಗಿಡ ಇಡಿಯಾಗಿ ಕಲ್ಲಾಗುವುದಿಲ್ಲ. ಎಲೆ ಒಂದು ಕಡೆ, ಬೇರು ಇನ್ನೊಂದು ಕಡೆ ಸಿಗುತ್ತದೆ. ಸಿಕ್ಕ ಸಿಕ್ಕ ಭಾಗಕ್ಕೆ ಬೇರೆ ಬೇರೆ ಹೆಸರು. ಯೂರೋಪಿನ ಕಲ್ಲಿದ್ದಲ ಕಾಡಿನ ದೊಡ್ಡ ಲೈಕೊಪಾಡ್ ಮರದ ಕಾಂಡ ಲೆಪಿಡೊಡೆಂಡ್ರಾನ್. ಅದರ ಬೇರು ಸ್ಟಿಗ್ಮೇರಿಯ. ತೆನೆ ಲೆಪಿಡೊಸ್ಟ್ರೋಬಸ್. ಉದುರಿದ ಸಣ್ಣ ಬೀಜಕ ಲೈಕೊಸ್ಪೋರ. ಒಂದೇ ಮನೆಯ ಜನ, ನಾಲ್ಕು ಅಡ್ಡಹೆಸರು. ಯಾವುದು ಯಾವುದರದು ಅಂತ ತೋರಿಸಲು ಒಂದನ್ನೊಂದು ಹಿಡಿದುಕೊಂಡ ಮಾದರಿಯೇ ಬೇಕು.

ಬೀಜಕ ತೆಗೆಯುವ ಕೆಲಸ ನಮ್ಮ ಕಾಲೇಜಿನಲ್ಲಿ ಆಗುವಂಥದ್ದಲ್ಲ. ಸರ್ ಇದ್ದ ವಿಶ್ವವಿದ್ಯಾಲಯದ ಲ್ಯಾಬಿಗೆ ತಿಂಗಳಿಗೆರಡು ಸಲ ಹೋಗುತ್ತಿದ್ದೆ. ಕಲ್ಲಿನ ಕಣ ಬಿಡಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಅದು ಗಾಜನ್ನೂ ತಿನ್ನುತ್ತದೆ, ಹಾಗಾಗಿ ಎಲ್ಲ ಪ್ಲಾಸ್ಟಿಕ್ ಪಾತ್ರೆ. ಚರ್ಮಕ್ಕೆ ತಾಗಿದರೆ ಮೊದಲಿಗೆ ನೋವೇ ಗೊತ್ತಾಗದೆ ಇರಬಹುದು, ಒಳಗಿಳಿದು ಮೂಳೆಯ ತನಕ ಹೋಗುತ್ತದೆ. ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಸರ್ ಬಾಟಲಿ ಮುಟ್ಟಲು ಬಿಡುತ್ತಿರಲಿಲ್ಲ. ಮನೆಯಲ್ಲಿ, ಕಾಲೇಜಿನಲ್ಲಿ ಇದನ್ನು ಯಾರೂ ಪ್ರಯತ್ನ ಮಾಡಬಾರದು. ಇದನ್ನು ನಾನು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ.

ಎರಡನೇ ಹಂತ ಶುಲ್ಜ್ ದ್ರಾವಣ. ನೈಟ್ರಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಕ್ಲೋರೇಟ್. ಕಲ್ಲಿದ್ದಲಾಗಿ ಕಪ್ಪಾದ ಚೂರನ್ನು ಇದರಲ್ಲಿ ಹಾಕಿದರೆ ನಿಧಾನವಾಗಿ ಕೆಂಚಗಾಗುತ್ತದೆ. ನೀರಿನಲ್ಲಿ ಹಲವು ಸಲ ತೊಳೆದು, ಒಂದು ಹನಿ ತೆಳು ಅಮೋನಿಯ ಬಿಟ್ಟರೆ ಚಹಾದ ಡಿಕಾಕ್ಷನ್ ಬಣ್ಣ ಹೊರಗೆ ಬರುತ್ತದೆ. ಬಣ್ಣ ಹೋದ ಮೇಲೆ ಉಳಿಯುವುದು ಬೀಜಕದ ಗೋಡೆ. ಅದು ಅಷ್ಟು ಗಟ್ಟಿ. ಆದರೆ ಆಮ್ಲದಲ್ಲಿ ಎಷ್ಟು ಹೊತ್ತು ಅನ್ನುವುದಕ್ಕೆ ಲೆಕ್ಕ ಇಲ್ಲ. ಒಂದೊಂದು ಕಲ್ಲಿಗೆ ಒಂದೊಂದು ಹೊತ್ತು. ಕೂತು ನೋಡುತ್ತಲೇ ಇರಬೇಕು.

ನಾನು ಕೂರಲಿಲ್ಲ. ಅವತ್ತು ಸಂಜೆ ರಾಯಚೂರಿನ ಕೊನೇ ಬಸ್ಸು ಹಿಡಿಯಬೇಕಿತ್ತು, ಮರುದಿನ ಕಾಲೇಜಿನಲ್ಲಿ ಪರೀಕ್ಷೆ ಡ್ಯೂಟಿ. ಚೂರನ್ನು ಆಮ್ಲದಲ್ಲೇ ಬಿಟ್ಟು ಮುಚ್ಚಳ ಹಾಕಿ ಬಂದೆ. ಎರಡು ದಿನ ಬಿಟ್ಟು ಹೋಗಿ ತೊಳೆದು ಅಮೋನಿಯ ಬಿಟ್ಟರೆ ಎಲ್ಲ ಕರಗಿ ಹೋಯಿತು. ಬಣ್ಣದ ಜೊತೆ ಬೀಜಕವೂ ಹೋಯಿತು. ತೆನೆಯ ಮೇಲ್ಭಾಗದಲ್ಲಿ ಚೆನ್ನಾಗಿ ಉಳಿದಿದ್ದ ಚೀಲಗಳು ಏಳೇ. ಅದರಲ್ಲಿ ಒಂದನ್ನು ನಾನು ಕಳೆದೆ. 28 ಕೋಟಿ ವರ್ಷ ಏನೂ ಆಗದೆ ಉಳಿದಿದ್ದನ್ನು ಒಂದು ಬಸ್ಸಿಗಾಗಿ ಕಳೆದೆ. ಸರ್ ಬಯ್ಯಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಡು ಅಂದರು, ಅಷ್ಟೇ. ಬರೆದೆ. ಪೇಪರಿನಲ್ಲೂ ಆರು ಚೀಲಗಳಿಂದ ಬೀಜಕ ತೆಗೆಯಲಾಯಿತು, ಒಂದು ಸಂಸ್ಕರಣೆಯಲ್ಲಿ ನಾಶವಾಯಿತು ಅಂತಲೇ ಇದೆ.

ಮುಂದಿನ ಸಲ ರಜೆ ಹಾಕಿ ಹೋದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ನೋಡಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ಚೂರಿನ ಅಂಚು ಜೇನು ಬಣ್ಣಕ್ಕೆ ತಿರುಗಿತು. ತೊಳೆದು, ಅಮೋನಿಯ ಬಿಟ್ಟು, ಸೂಜಿಯಿಂದ ಚೀಲದ ಪೊರೆ ಸರಿಸಿದೆ. ಮೊದಲು ಕಂಡದ್ದು ಗುಂಪು ಗುಂಪಾದ ಹಳದಿ ಕಣ. ಮೈಕ್ರೋಸ್ಕೋಪಿನ ಫೋಕಸ್ ತಿರುಗಿಸುತ್ತಾ ಹೋದ ಹಾಗೆ ಒಂದೊಂದು ಗುಂಪಿನಲ್ಲೂ ಮೂರು ಕಣ ಕಂಡವು. ಇನ್ನೂ ತಿರುಗಿಸಿದರೆ ಮೂರರ ಅಡಿಯಲ್ಲಿ ನಾಲ್ಕನೆಯದು. ನಾಲ್ಕೂ ಅಂಟಿಕೊಂಡೇ ಇದ್ದವು. ಒಂದು ತಾಯಿಕೋಶ ಒಡೆದು ನಾಲ್ಕಾದದ್ದು, ಬೇರೆಯಾಗುವ ಮೊದಲೇ ತೆನೆ ಕೆಸರಿಗೆ ಬಿದ್ದಿದೆ. ನಾನು ಸರ್‌ನ ಕರೆಯಲಿಲ್ಲ, ಸ್ವಲ್ಪ ಹೊತ್ತು ಒಬ್ಬಳೇ ನೋಡಿದೆ.

ಈ ನಾಲ್ಕರ ಜೋಡಣೆ ಅರ್ಥವಾಗಬೇಕಾದರೆ ತಟ್ಟೆಯಲ್ಲಿ ಶೇಂಗಾ ಉಂಡಿ ಜೋಡಿಸಿ ನೋಡಿ. ಕೆಳಗೆ ಮೂರು, ಮೇಲೊಂದು. ಮೇಲಿನದು ಕೆಳಗಿನ ಮೂರನ್ನೂ ಒತ್ತುತ್ತದೆ. ಹಸಿ ಉಂಡಿಯಾಗಿದ್ದರೆ ಒತ್ತಿದ ಕಡೆ ಮೂರು ಚಪ್ಪಟೆ ಮುಖ, ಅವುಗಳ ನಡುವೆ ಮೂರು ಏಣು ಮೂಡುತ್ತವೆ. ಬೀಜಕ ಬಿಡಿಯಾದ ಮೇಲೂ ಆ ಮೂರು ಕವಲಿನ ಗೆರೆ ಅದರ ಮೈಮೇಲೆ ಉಳಿಯುತ್ತದೆ. ನನ್ನ ವಿದ್ಯಾರ್ಥಿಗಳು ಆ ಗೆರೆಗೆ ತೀನ್ ಕಂದೀಲ್ ಅಂತ ಹೆಸರಿಟ್ಟಿದ್ದಾರೆ, ನಮ್ಮೂರಿನ ಸರ್ಕಲ್ಲಿನ ಹೆಸರು. ಪಾಠದಲ್ಲಿ ಟ್ರೈಲೀಟ್ ಅಂದರೆ ಮರೆಯುತ್ತಾರೆ, ಇದು ಮರೆಯುವುದಿಲ್ಲ. ನೀರಿನಲ್ಲಿ ಪರಾಗದೊಳಗಿನ ಕಣಗಳ ಕುಣಿತ ಗಮನಿಸಿದ ರಾಬರ್ಟ್ ಬ್ರೌನ್ 1851ರಲ್ಲಿ ಇಂಥದ್ದೇ ಒಂದು ತೆನೆಯ ಪಳೆಯುಳಿಕೆಯನ್ನು ವಿವರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಟ್ರಿಪ್ಲೊಸ್ಪೊರೈಟಿಸ್. ಹೆಸರಿನಲ್ಲೇ ಮೂರು ಇದೆ. ಅವತ್ತು ಫೋಕಸ್ ತಿರುಗಿಸುವಾಗ ನನಗೆ ಅವರ ನೆನಪು ಬಂತು. ಒಂದು ಕಡೆಯಿಂದ ನೋಡಿದರೆ ಮೂರೇ ಕಾಣುವುದು.

ಕೆಳಗಿನ ಚೀಲಗಳಲ್ಲಿ ದೊಡ್ಡ ಬೀಜಕಗಳು ಸಿಕ್ಕವು. ಗಸಗಸೆ ಕಾಳಿಗಿಂತ ಸ್ವಲ್ಪ ಸಣ್ಣ, ಬರಿಗಣ್ಣಿಗೇ ಕಾಣುತ್ತವೆ. ಒಂದು ಚೀಲದಲ್ಲಿ ನಾಲ್ಕೂ ಇದ್ದವು. ಮೇಲೆ ಪುಡಿಯಂಥ ಸಣ್ಣವು, ಕೆಳಗೆ ದೊಡ್ಡವು, ಒಂದೇ ತೆನೆಯಲ್ಲಿ. ಸೆಲಾಜಿನೆಲ್ಲದಲ್ಲೂ ಹೀಗೆ ಎರಡು ಬಗೆ ಇರುತ್ತವೆ.

ಆಮೇಲೆ ಅಳತೆ. ನೂರು ಸಣ್ಣ ಬೀಜಕ ಅಳೆದೆ. ದೊಡ್ಡವು ಒಟ್ಟು ಸಿಕ್ಕದ್ದೇ ಹನ್ನೊಂದು. ಈ ಭಾಗದಲ್ಲಿ ಹೇಳಲು ಹೆಚ್ಚಿಲ್ಲ, ಬೆನ್ನು ನೋವು ಬಿಟ್ಟರೆ. ಆದರೆ ರಾಯಚೂರಿನ ಬಿಸಿಲಿನ ಕಥೆ ಹೇಳಲೇಬೇಕು. ಬೀಜಕಗಳನ್ನು ಸ್ಲೈಡಿನ ಮೇಲೆ ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿರುತ್ತೇವೆ. ತಂಪು ದೇಶಗಳಲ್ಲಿ ಅದು ವರ್ಷಗಟ್ಟಲೆ ಗಟ್ಟಿಯಾಗಿರುತ್ತದಂತೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ. ಜೆಲ್ಲಿ ಸಡಿಲಾಗುತ್ತದೆ, ಬೀಜಕ ಜರುಗುತ್ತದೆ. ಒಂದೊಂದು ಬೀಜಕ ಸ್ಲೈಡಿನಲ್ಲಿ ಎಲ್ಲಿದೆ ಅಂತ ಇಂಗ್ಲೆಂಡ್ ಫೈಂಡರ್ ಅನ್ನುವ ಚೌಕುಳಿ ಗಾಜಿನ ಪಟ್ಟಿ ಇಟ್ಟು ಗುರುತು ಬರೆದಿರುತ್ತೇವೆ. ನಾಳೆ ಯಾರೇ ಬಂದರೂ ಅದೇ ಬೀಜಕವನ್ನು ಹುಡುಕಿ ನೋಡಬೇಕಲ್ವಾ, ಅದಕ್ಕೆ. ಒಂದು ಸೋಮವಾರ ನೋಡಿದರೆ ಫೋಟೋದಲ್ಲಿರುವ ಬೀಜಕ ಬರೆದ ಜಾಗದಲ್ಲಿರಲಿಲ್ಲ. ಪಕ್ಕದ ಚೌಕಕ್ಕೆ ಹೋಗಿತ್ತು. ಅವತ್ತಿನಿಂದ ಸ್ಲೈಡ್‌ಗಳೆಲ್ಲ ಮಲಗಿಸಿದ ಟ್ರೇಯಲ್ಲಿ ನಮ್ಮ ಮನೆಯ ಫ್ರಿಜ್ಜಿಗೆ ಬಂದವು. ಅವ್ವ ಮೊಸರಿನ ಪಾತ್ರೆ ಕೆಳಗಿಳಿಸಿ ಒಂದು ಖಾನೆ ಖಾಲಿ ಮಾಡಿಕೊಟ್ಟಳು. ಎರಡು ಬೇಸಿಗೆ ಆ ಖಾನೆಯನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಅಂಚನ್ನು ಮತ್ತೆ ಸೀಲ್ ಮಾಡಿ, ಎಲ್ಲ ಗುರುತನ್ನೂ ಹೊಸದಾಗಿ ಬರೆದೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಸರದಿ ಸಿಗಲು ಐದು ತಿಂಗಳು. ಬೀಜಕಕ್ಕೆ ತೆಳುವಾಗಿ ಚಿನ್ನ ಲೇಪಿಸಿ ಒಳಗಿಟ್ಟರು. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಸಣ್ಣ ಬೀಜಕದ ಹೊರಮೈಯಲ್ಲಿ ಮುಳ್ಳಿವೆ, ತೀನ್ ಕಂದೀಲ್ ಇರುವ ಮುಖದಲ್ಲಿ ಇಲ್ಲ ಅನ್ನುವುದು ಅಲ್ಲಿ ಖಚಿತವಾಯಿತು.

ಸಿಕ್ಕದ್ದು ಹೊಸದಾ ಅನ್ನುವ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ನನ್ನ ವಿದ್ಯಾರ್ಥಿಗಳು ಮೊದಲ ದಿನವೇ "ಹೊಸಾದು ಸಿಕ್ಕಿತಂತೆ ಮೇಡಂ!" ಅಂದಿದ್ದರು. ಸಿಕ್ಕಿದ ಕೂಡಲೇ ಹೊಸದಾಗುವುದಿಲ್ಲ. ಇದುವರೆಗೆ ವಿವರಿಸಿದ ಒಂದೊಂದು ತೆನೆಯ ಪಕ್ಕವೂ ಇದನ್ನು ಇಟ್ಟು, ಇದು ಅದಲ್ಲ, ಯಾಕೆ ಅಲ್ಲ ಅಂತ ತೋರಿಸಬೇಕು. ಬ್ರೆಜಿಲ್, ದಕ್ಷಿಣ ಆಫ್ರಿಕದ ವಿವರಣೆಗಳು, ನಮ್ಮದೇ 1952ರಿಂದ ಬರುತ್ತಿದ್ದ ಪೇಲಿಯೊಬಾಟನಿಸ್ಟ್ ಪತ್ರಿಕೆಯ ಹಳೆಯ ಸಂಪುಟಗಳು. ಬರೀ ಓದಿದರೆ ಸಾಲದು, ಹಳೆಯ ಫೋಟೋಗಳಲ್ಲಿ ಬೇಕಾದದ್ದು ಕಾಣುವುದಿಲ್ಲ. ಅದಕ್ಕೆ ಲಕ್ನೋಗೆ ಹೋದೆ.

ಪಳೆಯುಳಿಕೆ ಸಸ್ಯಗಳ ವಿಜ್ಞಾನಿ ಬೀರಬಲ್ ಸಾಹ್ನಿ ಅವರು 1946ರಲ್ಲಿ ಕಟ್ಟಿದ ಸಂಸ್ಥೆ ಇರುವುದು ಅಲ್ಲೇ. 1949ರ ಏಪ್ರಿಲ್ 3ರಂದು ನೆಹರೂ ಅಡಿಗಲ್ಲು ಇಟ್ಟರು. ಆ ಅಡಿಗಲ್ಲಿನಲ್ಲಿ ಪಳೆಯುಳಿಕೆಗಳನ್ನೇ ಜೋಡಿಸಿದ್ದಾರೆ. ಅದಾದ ಒಂದು ವಾರಕ್ಕೆ ಸಾಹ್ನಿ ತೀರಿಕೊಂಡರು. ಅವರ ಹೆಂಡತಿ ಸಾವಿತ್ರಿ ಸಾಹ್ನಿ ಸಂಸ್ಥೆಯನ್ನು ಮುಂದೆ ನಡೆಸಿದರು. ನಾನು ಆ ಕಲ್ಲಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಒಳಗೆ ಹಳೆಯ ಮಾದರಿಗಳನ್ನು ನನ್ನ ಫೋಟೋಗಳ ಪಕ್ಕ ಇಟ್ಟು ನಾಲ್ಕು ದಿನ ನೋಡಿದೆ. ಎರಡು ಕಡೆ ಎದೆ ಹೊಡೆದುಕೊಂಡಿತು, ಇದೇ ಅದು ಅನಿಸಿತು. ಒಂದರಲ್ಲಿ ಚೀಲದ ಆಕಾರ ಬೇರೆಯಾಗಿತ್ತು. ಇನ್ನೊಂದು ನನ್ನದಕ್ಕೆ ಹೊರಗಿನಿಂದ ಅವಳಿಯ ಹಾಗಿತ್ತು, ಆದರೆ ಅದರಲ್ಲಿ ಬೀಜಕವೇ ಉಳಿದಿರಲಿಲ್ಲ. ಅದರ ತೆನೆಯಲ್ಲಿ ಚೀಲ ಹೊತ್ತ ಸಣ್ಣ ಎಲೆಯ ತುದಿ ಮೊಂಡು, ನನ್ನದು ಚೂಪಾಗಿ ಮೇಲಕ್ಕೆ ಬಾಗಿದೆ. ಅಷ್ಟೇ ವ್ಯತ್ಯಾಸದ ಮೇಲೆ ಬೇರೆ ಅನ್ನಬಹುದಾ? ಸರ್ ಅನ್ನಬಹುದು ಅಂದರು. ನನಗೆ ಒಂದು ತಿಂಗಳು ಬೇಕಾಯಿತು. ಅದೇ ಪದರದಿಂದ ಬಂದ ಇನ್ನೆರಡು ತುಂಡು ತೆನೆಗಳಲ್ಲೂ ತುದಿ ಚೂಪೇ ಇದ್ದದ್ದನ್ನು ಅಳೆದ ಮೇಲೆ ಒಪ್ಪಿದೆ.

ಪಳೆಯುಳಿಕೆ ಸಸ್ಯಗಳ ಹೊಸ ಹೆಸರಿಗೆ 1996ರಿಂದ ವಿವರಣೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲೇ ಇರಬೇಕು ಅನ್ನುವುದು ನಿಯಮ. ನನಗೆ ಅದನ್ನು ಕನ್ನಡದಲ್ಲೂ ಬರೆದಿಡಬೇಕು ಅನಿಸಿತು. ಹೀಗೆ: ಎರಡು ಬಗೆಯ ಬೀಜಕಗಳಿರುವ ತೆನೆ. ಉಳಿದ ಉದ್ದ 46 ಮಿ.ಮೀ., ಅಗಲ 9 ಮಿ.ಮೀ. ಎಲೆಗಳು ಸುರುಳಿಯಲ್ಲಿ, ತುದಿ ಚೂಪು, ಮೇಲಕ್ಕೆ ಬಾಗಿದ್ದು. ಪ್ರತಿ ಎಲೆಯ ಮೇಲ್ಮೈಯಲ್ಲಿ ಒಂದು ಚೀಲ. ದೊಡ್ಡ ಬೀಜಕ ಕೆಳಗೆ, ಚೀಲಕ್ಕೆ ನಾಲ್ಕು. ಸಣ್ಣ ಬೀಜಕ ಮೇಲೆ, ಮೂರು ಕವಲಿನ ಗುರುತು, ಹೊರಮೈಯಲ್ಲಿ ಮಾತ್ರ ಸಣ್ಣ ಮುಳ್ಳು. ಇಷ್ಟೇ. ನಾಲ್ಕು ವರ್ಷ ಐದಾರು ಸಾಲಿನಲ್ಲಿ ಕೂತಿತು.

ಹೆಸರಿನ ಬಗ್ಗೆ ಕ್ಲಾಸಿನಲ್ಲಿ ದೊಡ್ಡ ಚರ್ಚೆ ನಡೆಯಿತು. "ರಾಯಚೂರೆನ್ಸಿಸ್ ಅಂತ ಇಡ್ರಿ ಮೇಡಂ" ಅಂತ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಆಸೆ ಇತ್ತು. ಆದರೆ ಎನ್ಸಿಸ್ ಅಂದರೆ ಆ ಊರಿನದು ಅಂತ ಅರ್ಥ. ನಮ್ಮೂರಿನ ಕೋಟೆ ಬೆಟ್ಟದ ಕಲ್ಲು ಗ್ರಾನೈಟ್, ಹಟ್ಟಿಯ ಚಿನ್ನದ ಕಲ್ಲು ಇನ್ನೂ ಬೇರೆ. ಎರಡೂ ನೆಲದ ಮೇಲೆ ಗಿಡ ಹುಟ್ಟುವುದಕ್ಕಿಂತ ಬಹಳ ಬಹಳ ಹಿಂದಿನವು. ಓದಿದವರು ರಾಯಚೂರಿಗೆ ಬಂದು ಶೇಲ್ ಹುಡುಕಬಾರದಲ್ವಾ. ಹುಡುಗನಿಗೆ ಇದನ್ನೆಲ್ಲ ವಿವರಿಸಿದೆ. ಅವನಿಗೆ ಸ್ವಲ್ಪ ಬೇಸರವಾಯಿತು. ಕೊನೆಗೆ ತೆನೆಯ ಆಕಾರ ಹೇಳುವ ಒಂದು ಪದ ಆರಿಸಿದೆವು.

ಮೂಲ ಮಾದರಿಯನ್ನು ಯಾವ ಸಂಗ್ರಹಾಲಯಕ್ಕೆ ಕೊಟ್ಟಿದ್ದೇವೆ ಅಂತ ಪೇಪರಿನಲ್ಲಿ ಹೇಳಬೇಕು. ಎ, ಬಿ ಎರಡೂ ಚೂರು, ಆ ಚೀಲಗಳಿಂದ ಮಾಡಿದ ಸ್ಲೈಡ್‌ಗಳು, ಎಲ್ಲ ಒಟ್ಟಿಗೆ. ಥರ್ಮಾಕೋಲ್ ಕೊರೆದು, ಹತ್ತಿ ಇಟ್ಟು, ಕಲ್ಲಿನ ಆಕಾರಕ್ಕೇ ಗುಳಿ ಮಾಡಿದೆ. ಕೊಡುವ ದಿನ ಪೆಟ್ಟಿಗೆ ಕೈಬಿಡಲು ಕಷ್ಟವಾಯಿತು. ಅಲ್ಲಿನವರು ರಸೀದಿ ಕೊಟ್ಟರು. ಅದರ ಮೇಲಿದ್ದ ನಂಬರೇ ಈಗ ಅದರ ಗುರುತು.

ಪರಿಶೀಲಕರು ಇಬ್ಬರು. ಮೊದಲನೆಯವರು ಇದಕ್ಕೆ ಹೊಸ ಕುಲವನ್ನೇ (ಪ್ರಭೇದಕ್ಕಿಂತ ಮೇಲಿನ ಗುಂಪು) ಮಾಡಿ ಅಂದರು. ನಾವು ಒಪ್ಪಲಿಲ್ಲ. ಒಂದು ಪೂರ್ತಿ ಅಲ್ಲದ ತೆನೆಯ ಮೇಲೆ ಹೊಸ ಪ್ರಭೇದ ಮಾಡುವುದೇ ಧೈರ್ಯದ ಕೆಲಸ, ಕುಲ ಬೇಡ ಅಂತ ಬರೆದೆವು. ಎರಡನೆಯವರ ಪ್ರಶ್ನೆ ನನಗೆ ಬಹಳ ಹಿಡಿಸಿತು. ಆ ಬೀಜಕಗಳು ಈ ತೆನೆಯವೇ ಅನ್ನುವುದಕ್ಕೆ ಏನು ಆಧಾರ, ಕೆಸರಿನಲ್ಲಿ ತೇಲುತ್ತಿದ್ದವು ಬಂದು ಅಂಟಿರಬಹುದಲ್ಲ ಅಂತ ಕೇಳಿದ್ದರು. ನ್ಯಾಯವಾದ ಮಾತು. ತೆನೆಯಿಂದ ಎರಡು ಸೆಂಟಿಮೀಟರ್ ದೂರದ ಬರೀ ಕಲ್ಲನ್ನು ತೆಗೆದು ಅದೇ ಆಮ್ಲದಲ್ಲಿ ಹಾಕಿದೆ. ಅದರಲ್ಲಿ ಸಿಕ್ಕದ್ದು ಸಂತೆ. ಎರಡು ರೆಕ್ಕೆಯ ಪರಾಗ, ಜರೀಗಿಡದ ಬೀಜಕ, ಗುರುತು ಸಿಗದ ಇನ್ನೆಷ್ಟೋ. ಚೀಲದೊಳಗೆ ಮಾತ್ರ ಒಂದೇ ಬಗೆ, ಅದೂ ನಾಲ್ಕು ನಾಲ್ಕು ಅಂಟಿಕೊಂಡಂಥವು. ತೇಲಿ ಬಂದವು ಹೀಗೆ ಗುಂಪಾಗಿ ಬಂದು ಪೊರೆಯೊಳಗೆ ಕೂರುವುದಿಲ್ಲ. ಆ ಎರಡು ಫೋಟೋ ಅಕ್ಕಪಕ್ಕ ಹಾಕಿ ಕಳಿಸಿದೆವು. ಪೇಪರಿನಲ್ಲಿ ನನಗೆ ತುಂಬಾ ಇಷ್ಟವಾದ ಚಿತ್ರ ಅದೇ, ಅದನ್ನು ಕೇಳಿ ಮಾಡಿಸಿದವರು ಯಾರೋ ನನಗೆ ಗೊತ್ತಿಲ್ಲದವರು.

ಪ್ರಾಗ್‌ನಲ್ಲಿ ಪಳೆಯುಳಿಕೆ ಸಸ್ಯಗಳ ಹೆಸರು ದಾಖಲಿಸುವ ಒಂದು ನೋಂದಣಿ ಇದೆ, ಅಲ್ಲಿಂದಲೂ ಒಂದು ನಂಬರು ಬಂತು.

ನಿನ್ನೆ ಪ್ರೂಫ್ ಬಂತು. ಒಂದು ಕಡೆ ಸಣ್ಣ ಬೀಜಕದ ಅಳತೆ 58 ಮೈಕ್ರೋಮೀಟರ್ ಇರಬೇಕಾದದ್ದು 58 ಮಿಲಿಮೀಟರ್ ಅಂತ ಬಿದ್ದಿತ್ತು. ತೆನೆಗಿಂತ ದೊಡ್ಡ ಬೀಜಕ. ಇಡೀ ಪ್ರೂಫನ್ನು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಮತ್ತೆರಡು ಸಲ ಓದಿದೆ. ಅಪ್ಪ ಪಕ್ಕದಲ್ಲಿ ಕೂತಿದ್ದರು. ಅವರಿಗೀಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಲ್ಯಾಪ್‌ಟಾಪಿನಲ್ಲಿ ಚಿತ್ರ ದೊಡ್ಡದು ಮಾಡಿ ತೋರಿಸಿದೆ. ತೆನೆ ನೋಡಿದರು, ಬೀಜಕ ನೋಡಿದರು. "ಇದು ನಾ ತಂದ ಕಲ್ಲಾಗಿಂದಲ್ಲಲ್ಲ?" ಅಂತ ಕೇಳಿದರು. ಅಲ್ಲಪ್ಪ, ಅದು ಯಾವ ಗಣಿಯದು ಗೊತ್ತಾಗಲಿಲ್ಲವಲ್ಲ ಅಂದೆ. "ಹೌದು. ಅವತ್ತ ಯಾವ ರೇಕಿನ್ಯಾಗ ಬಂತು ಅಂತ ಬರದಿಟ್ಟಿದ್ರ ಆಗ್ತಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೆಲವು ಗಾಡಿಗಳ ಬಗ್ಗೆ, ಅವು ಬರುತ್ತಿದ್ದ ಗಣಿಗಳ ಬಗ್ಗೆ ನೆನಪಿದ್ದಷ್ಟು ಹೇಳತೊಡಗಿದರು. ನಾನು ನೋಟ್‌ಬುಕ್ ತೆಗೆದು ಬರೆದುಕೊಂಡೆ.